ಅಧ್ಯಕ್ಷರಿಗಿಂತ ಜೈಲರ್ ದೊಡ್ಡವನು

ಅಮೆರಿಕದ ಕೆಂಟಕಿ ರಾಜ್ಯದ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಚುನಾವಣೆಯ ಮಾದರಿ ಮತಪತ್ರವೊಂದು ಈಚೆಗೆ ಕೈಗೆ ಸಿಕ್ಕಿತು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುವುದೇ ಕೆಲಸವಾಗಿದೆ. ಕೌಂಟಿಯ ಆಡಳಿತ ಮುಖ್ಯಸ್ಥ, ಶೆರಿಫ್, ಕ್ಲರ್ಕ್, ಸರ್ಕಾರಿ ವಕೀಲ, ಆಸ್ತಿಗೆ ಬೆಲೆ ಕಟ್ಟುವವನು, ಸರ್ವೇಯರ್, ಅಸಹಜ ಸಾವಿನ ಕಾರಣ ಪತ್ತೆ ಮಾಡುವ ಕರೋನರ್, ಕಾನ್‌ಸ್ಟೆಬಲ್: ಇಷ್ಟು ಜನರನ್ನೂ ಆರಿಸಬೇಕಾದವರು ಮತದಾರರೇ. ಈ ಸಾಲಿನ ನಡುವೆ ಜೈಲರ್ ಕೂಡ ಕೈಮುಗಿದು ನಿಂತಿದ್ದಾನೆ!

ಜೈಲರ್‌ನನ್ನು ಜನ ಚುನಾಯಿಸಬೇಕೆಂದು ರಾಜ್ಯದ ಸಂವಿಧಾನದಲ್ಲೇ ಬರೆದಿದೆ. ಕೆಂಟಕಿಯ ಹಲವು ಕೌಂಟಿಗಳಲ್ಲಿ ಜೈಲು ಮುಚ್ಚಿ ವರ್ಷಗಳಾದವು, ಜೈಲರ್ ಹುದ್ದೆಗೆ ಮಾತ್ರ ಇವತ್ತಿಗೂ ಪೈಪೋಟಿ. ಗೆದ್ದವನು ಕೈದಿಗಳನ್ನು ಬೇರೆ ಕೌಂಟಿಯ ಜೈಲಿಗೆ ಸಾಗಿಸುವ ಹೊಣೆ ಹೊತ್ತು ಸಂಬಳ ಎಣಿಸುತ್ತಾನೆ. ಇದನ್ನು ತಮಾಷೆಯೆಂದು ನಕ್ಕು ಬಿಡಬಹುದಿತ್ತು. ಆದರೆ ಎಲಿಯಟ್ ಎಂಬ ಪುಟ್ಟ ಕೌಂಟಿಯ ಒಗಟು ಬಿಡಿಸಲು ಈ ಜೈಲರ್‌ನೇ ಬೇಕು ಎಂಬುದು ನನ್ನ ವಾದ.

ಪೂರ್ವ ಕೆಂಟಕಿಯ ಗುಡ್ಡಗಳ ನಡುವಿನ ಎಲಿಯಟ್‌ನ ಜನಸಂಖ್ಯೆ ಏಳು ಸಾವಿರ ಚಿಲ್ಲರೆ. ಬಹುತೇಕ ಎಲ್ಲರೂ ಬಿಳಿಯರು. ಕೇಂದ್ರ ಸ್ಥಳ ಸ್ಯಾಂಡಿ ಹುಕ್. 1869ರಲ್ಲಿ ಹುಟ್ಟಿದ ಈ ಕೌಂಟಿ 1872ರಿಂದ 2012ರವರೆಗೆ ಒಂದೇ ಒಂದು ಅಧ್ಯಕ್ಷೀಯ ಚುನಾವಣೆಯಲ್ಲೂ ಡೆಮಾಕ್ರಟಿಕ್ ಪಕ್ಷದ ಕೈಬಿಡಲಿಲ್ಲ. 1972ರಲ್ಲಿ ರಿಪಬ್ಲಿಕನ್ ಪಕ್ಷದ ನಿಕ್ಸನ್ 49 ರಾಜ್ಯಗಳನ್ನು ಬಾಚಿಕೊಂಡಾಗಲೂ ಎಲಿಯಟ್ ಡೆಮಾಕ್ರಟಿಕ್ ಅಭ್ಯರ್ಥಿ ಮೆಕ್‌ಗವರ್ನ್ ಬೆನ್ನಿಗಿತ್ತು. 1984ರಲ್ಲಿ ರೇಗನ್ ಅಲೆಯಲ್ಲೂ ಮಾಂಡೇಲ್ ಜೊತೆಗಿತ್ತು. 2008ರಲ್ಲಿ ಒಬಾಮಾಗೆ ಶೇ 61ರಷ್ಟು ಮತ ಕೊಟ್ಟಿತು. 2016ರಲ್ಲಿ ಟ್ರಂಪ್‌ಗೆ ಸುಮಾರು ಶೇ 70 ಕೊಟ್ಟು ಆ ದಾಖಲೆಯನ್ನು ಮುರಿಯಿತು.

ರಾತ್ರೋರಾತ್ರಿ ಜನ ಬದಲಾದರು ಎಂದರು ಪಂಡಿತರು. ನನಗೆ ನಂಬಿಕೆಯಿಲ್ಲ. ನಾಲ್ಕು ವರ್ಷ ಮೊದಲೇ ಒಬಾಮಾ ಇಲ್ಲಿ ಶೇ 49 ದಾಟಲು ಏದುಸಿರು ಬಿಟ್ಟಿದ್ದರು. ಅದಕ್ಕೂ ಹಿಂದೆ, 2004ರಲ್ಲಿ, ಅಮೆರಿಕದ ಸಂಸತ್ತು ತಂಬಾಕು ಕೋಟಾ ಪದ್ಧತಿಯನ್ನೇ ಕೊನೆಗೊಳಿಸಿತ್ತು. ಡೆಮಾಕ್ರಟಿಕ್ ಅಧ್ಯಕ್ಷ ರೂಸ್‌ವೆಲ್ಟ್ ಕಾಲದಿಂದ ಬಂದಿದ್ದ ಆ ಪದ್ಧತಿ ಸಣ್ಣ ಹಿಡುವಳಿದಾರನ ಬರ್ಲಿ ತಳಿಯ ತಂಬಾಕಿಗೂ ಒಂದು ಬೆಲೆಯ ಆಸರೆ ಕೊಟ್ಟಿತ್ತು. ಪಕ್ಷಕ್ಕೂ ಹೊಲಕ್ಕೂ ಇದ್ದ ಆ ನಂಟು ಸಡಿಲಗೊಂಡಿತು.

ಮತ್ತೆ ನಮ್ಮ ಜೈಲರ್ ಹತ್ತಿರ ಬರೋಣ. ಕೆಂಟಕಿಯಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಆ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗಷ್ಟೇ ಮತ. ಪಕ್ಷ ಬದಲಿಸುವುದಿದ್ದರೆ ಹಿಂದಿನ ವರ್ಷದ ಡಿಸೆಂಬರ್ 31ರೊಳಗೇ ಬದಲಿಸಬೇಕು. ಎಲಿಯಟ್‌ನಂಥ ಕಡೆ ಡೆಮಾಕ್ರಟಿಕ್ ಪ್ರಾಥಮಿಕ ಗೆದ್ದವನೇ ಶೆರಿಫ್, ಗೆದ್ದವನೇ ಜೈಲರ್. ನವೆಂಬರ್ ಬರೀ ಶಾಸ್ತ್ರ. ಆದ್ದರಿಂದ ಮನಸ್ಸಿನಲ್ಲಿ ಯಾರಿದ್ದರೂ ನೋಂದಣಿ ಪುಸ್ತಕದಲ್ಲಿ ಡೆಮಾಕ್ರಟ್ ಆಗಿರುವುದೇ ಜಾಣತನ. ಉದ್ಯೋಗ ಕಡಿಮೆಯಿರುವ ಊರಿನಲ್ಲಿ ಕೋರ್ಟ್‌ಹೌಸಿನ ಹುದ್ದೆ, ಅಲ್ಲಿ ಕೂತವರ ಪರಿಚಯ ಸಣ್ಣ ಮಾತಲ್ಲ. ಗರ್ಭಪಾತ, ಬಂದೂಕು, ಹವಾಮಾನದ ವಾಗ್ವಾದವೆಲ್ಲ ವಾಷಿಂಗ್ಟನ್ನಿನದು. ರಸ್ತೆಗೆ ಜಲ್ಲಿ ಹಾಕಿಸುವವನು ಇಲ್ಲಿಯವನು. ಅಂದ ಹಾಗೆ, 2005ರಲ್ಲಿ ಎಲಿಯಟ್‌ನಲ್ಲಿ ದೊಡ್ಡ ಕಾರಾಗೃಹವೇ ಶುರುವಾಯಿತು. ಆದರೆ ಅದು ರಾಜ್ಯ ಸರ್ಕಾರದ್ದು, ಅಲ್ಲಿ ನಮ್ಮ ಚುನಾಯಿತ ಜೈಲರ್‌ಗೆ ಅಧಿಕಾರವಿಲ್ಲ!

ಟ್ರಂಪ್ ಗೆದ್ದ ಅದೇ 2016ರಲ್ಲಿ ಕೆಂಟಕಿಯ ಕೆಳಮನೆಯೂ ರಿಪಬ್ಲಿಕನ್ನರ ಪಾಲಾಯಿತು. ಆದರೂ ಸ್ಯಾಂಡಿ ಹುಕ್‌ನ ಮಗ, ಡೆಮಾಕ್ರಟಿಕ್ ನಾಯಕ ರಾಕಿ ಆಡ್ಕಿನ್ಸ್ ತಮ್ಮ ಸ್ಥಾನ ಉಳಿಸಿಕೊಂಡರು. 2019ರ ಗವರ್ನರ್ ಚುನಾವಣೆಯಲ್ಲಿ ಎಲಿಯಟ್ ಒಲಿದದ್ದೂ ಡೆಮಾಕ್ರಟಿಕ್ ಪಕ್ಷದ ಆ್ಯಂಡಿ ಬಶೀರ್‌ಗೆ. ಮರುವರ್ಷ ಅದೇ ಊರು ಮತ್ತೆ ಟ್ರಂಪ್‌ಗೆ ಭರ್ಜರಿ ಮತ ಕೊಟ್ಟಿತು. ಇದರಲ್ಲಿ ಗೊಂದಲವೇನೂ ಇಲ್ಲ. ದೂರದವರನ್ನು ಪಕ್ಷ ನೋಡಿ ಅಳೆದರು, ಹತ್ತಿರದವರನ್ನು ಮುಖ ನೋಡಿ ಅಳೆದರು.

ಈ ಇಬ್ಬಗೆ ಎಷ್ಟು ದಿನ ಉಳಿದೀತು? 2022ರಲ್ಲಿ ಕೆಂಟಕಿಯ ನೋಂದಣಿ ಪುಸ್ತಕದಲ್ಲಿ ರಿಪಬ್ಲಿಕನ್ನರ ಸಂಖ್ಯೆ ಡೆಮಾಕ್ರಟರನ್ನು ಮೀರಿತು. ಶೆರಿಫ್ ಆಗಬಯಸುವವನು ರಿಪಬ್ಲಿಕನ್ ಪ್ರಾಥಮಿಕದತ್ತ ನಡೆದ ದಿನ ಮತದಾರರೂ ಅವನ ಹಿಂದೆ ನಡೆಯುತ್ತಾರೆ, ಆಮೇಲೆ ಹಿಂದಿರುಗುವ ದಾರಿ ಕಷ್ಟ. ಹಾಗಾಗಿ ಅಮೆರಿಕದ ಹಳ್ಳಿಗಳ ಒಲವು ಅಳೆಯಲು ಹೊರಟವರು ಅಧ್ಯಕ್ಷರ ಭಾಷಣ ಕೇಳಿದ್ದು ಸಾಕು. ಜೈಲರ್ ಯಾವ ಪಕ್ಷದಿಂದ ನಾಮಪತ್ರ ಹಾಕಿದ ಎಂಬುದನ್ನು ನೋಡಲಿ.