ಅಕ್ಷರ ಬಾರದವರಿಗೂ ಗಣಕ: ಓರ್ವ ಸಂಶೋಧಕಿಯಿಂದ ಉದ್ದಿಮೆದಾರರು ಕಲಿಯಬಹುದಾದ ಪಾಠ

ಹೊಸ ಯಂತ್ರವನ್ನೋ ಗಣಕವನ್ನೋ ಕೊಂಡು ತಂದ ಮೇಲೆ ಕೆಲಸಗಾರರು ಅದನ್ನು ಸರಿಯಾಗಿ ಬಳಸದಿದ್ದಲ್ಲಿ ದೋಷವನ್ನು ಅವರ ಮೇಲೆಯೇ ಹೊರಿಸುವುದು ರೂಢಿ. ದೋಷವು ಪರದೆಯ ರಚನೆಯಲ್ಲಿಯೂ ಇರಬಹುದೆಂಬುದನ್ನು ಪರೀಕ್ಷಿಸಿ ತೋರಿಸುವ ಶಾಸ್ತ್ರವೇ ಮಾನವ-ಗಣಕ ಸಂವಹನ. ಈ ಕ್ಷೇತ್ರದಲ್ಲಿ ಡಾ. ಇಂದ್ರಾಣಿ ಮೇಧಿ ಥೀಸ್ ಅವರ ಸಂಶೋಧನೆಯು ಗಮನಾರ್ಹವಾದುದು.

ವಾಸ್ತುಶಿಲ್ಪದಲ್ಲಿ ಪದವಿ ಪಡೆದ ಇವರು ಷಿಕಾಗೋದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ವಿನ್ಯಾಸವನ್ನು ಅಭ್ಯಸಿಸಿ, ಐಐಟಿ ಬಾಂಬೆಯಿಂದ ಡಾಕ್ಟರೇಟ್ ಪಡೆದರು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿದ್ದಾಗ ನಗರದ ಕೊಳೆಗೇರಿಗಳ ಮನೆಗೆಲಸದ ಮಹಿಳೆಯರೊಡನೆ ಕುಳಿತು, ಉದ್ಯೋಗ ಹುಡುಕಲು ನೆರವಾಗುವ ಅಕ್ಷರರಹಿತ ಪರದೆಯೊಂದನ್ನು ರೂಪಿಸಿದರು. ಅದರಲ್ಲಿ ಚಿತ್ರ ಮತ್ತು ಧ್ವನಿಗಳೇ ಮಾರ್ಗದರ್ಶಿ.

ಚಿತ್ರ ಬರೆದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ಬರಿಯ ಪಾತ್ರೆಗಳ ಚಿತ್ರವು ನೋಡುವವರಿಗೆ ಅಡುಗೆಮನೆಯೆಂದು ತೋರಿತು. ನಲ್ಲಿಯಿಂದ ನೀರು ಸುರಿಯುವಂತೆ ಬರೆದಾಗಲೇ ಪಾತ್ರೆ ತೊಳೆಯುವ ಕೆಲಸವೆಂಬ ಅರ್ಥ ಹೊಮ್ಮಿತು. ಗಣಕದ ಬಗೆಗಿನ ಅಂಜಿಕೆಯೂ, ಅದರಿಂದ ತಮಗಾಗುವ ಪ್ರಯೋಜನವೇನೆಂಬ ಅರಿವಿನ ಕೊರತೆಯೂ ಅಡ್ಡಿಯಾಗಿದ್ದವು. ಇದಕ್ಕಾಗಿ ಇಡೀ ವ್ಯವಸ್ಥೆಯನ್ನು ಕಥೆಯಂತೆ ವಿವರಿಸುವ ವಿಡಿಯೋವನ್ನು ಸೇರಿಸಲಾಯಿತು.

2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾರತ, ಕೀನ್ಯಾ, ಫಿಲಿಪ್ಪೀನ್ಸ್ ಮತ್ತು ದಕ್ಷಿಣ ಆಫ್ರಿಕಾಗಳ 90 ಮಂದಿಯ ಮೊಬೈಲ್ ಬಳಕೆಯನ್ನು ಇವರೂ ಸಹೋದ್ಯೋಗಿಗಳೂ ಗಮನಿಸಿದರು. ಭಾರತದ ಇನ್ನೂ 58 ಮಂದಿಯೊಡನೆ ಪರೀಕ್ಷೆ ನಡೆಸಿದರು. ಅಕ್ಷರಗಳ ಪರದೆಗಿಂತ ಚಿತ್ರ ಹಾಗೂ ಧ್ವನಿಯ ವ್ಯವಸ್ಥೆಗಳಿಗೇ ಜನರ ಒಲವು ದೊರೆಯಿತು. 2013ರ ಅಧ್ಯಯನವು ಮತ್ತೊಂದು ಅಂಶವನ್ನು ಹೊರಗೆಡಹಿತು: ಅಕ್ಷರಗಳನ್ನು ತೆಗೆದ ಮೇಲೂ, ಒಂದರೊಳಗೊಂದು ಅಡಗಿರುವ ಪಟ್ಟಿಗಳಲ್ಲಿ ಬೇಕಾದುದನ್ನು ಹುಡುಕುವುದು ಶಾಲಾ ಶಿಕ್ಷಣ ಕಡಿಮೆಯಿರುವವರಿಗೆ ಕಷ್ಟ. ಎಲ್ಲವೂ ಒಂದೇ ಪಟ್ಟಿಯಲ್ಲಿ ಕಂಡರೆ ಅವರಿಗೆ ಸುಲಭ.

ತೂಕದ ಯಂತ್ರ, ಬಿಲ್ಲಿಂಗ್ ತಂತ್ರಾಂಶ, ಕಾರ್ಖಾನೆಯ ನಿಯಂತ್ರಣ ಫಲಕ ಮೊದಲಾದವುಗಳಿಗೂ ಈ ತತ್ವವನ್ನು ಅನ್ವಯಿಸಿ ನೋಡಬಹುದು. ತಪ್ಪು ಗುಂಡಿ ಒತ್ತಿದರೆ ಸರಕು ಹಾಳಾಗುತ್ತದೆ, ಕೆಲವೊಮ್ಮೆ ಕೈಗೇ ಪೆಟ್ಟಾಗುತ್ತದೆ. ಆದ್ದರಿಂದ ಖರೀದಿಗೆ ಮುನ್ನ, ದಿನವೂ ಅದನ್ನು ಬಳಸಬೇಕಾದ ಕೆಲಸಗಾರನ ಕೈಗೇ ಯಂತ್ರವನ್ನು ಕೊಟ್ಟು, ಮಾರಾಟ ಪ್ರತಿನಿಧಿಯೊಡನೆ ತಾವೂ ಮೌನವಾಗಿ ನಿಂತು ನೋಡುವುದು ಲೇಸು. ಆತ ತಡವರಿಸುವ ಸ್ಥಳಗಳನ್ನು ಗುರುತು ಹಾಕಿಕೊಂಡು ಬದಲಾವಣೆ ಕೇಳಿದಲ್ಲಿ, ಮುಂದೆ ಆಗಬಹುದಾದ ನಷ್ಟವನ್ನು ಮೊದಲೇ ತಡೆಯಬಹುದು.