ಕರೆಂಟ್, ಸ್ಪ್ರಿಂಗ್, ಸ್ವೆಲ್: ಮಂಡಿ ಮೊಹಲ್ಲಾದಿಂದ ಬೀಚ್‌ಗೆ ಹೊರಡೋ ಮುಂಚೆ ಒಂದಿಷ್ಟು ಇಂಗ್ಲಿಷ್

(ಪಾಡ್‌ಕಾಸ್ಟ್‌ನ ಬರಹ ರೂಪ)

ಪರೀಕ್ಷೆ ಮುಗಿದು ರಜೆ ಶುರುವಾದ ಕೂಡಲೇ ಮಂಡಿ ಮೊಹಲ್ಲಾದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಪ್ಲಾನ್ ಓಡಾಡ್ತವೆ. ಒಂದು, ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಸೇರೋದು. ಇನ್ನೊಂದು, ಫ್ರೆಂಡ್ಸ್ ಜೊತೆ ಮಂಗಳೂರಿಗೆ ಹೋಗಿ ಸಮುದ್ರ ನೋಡೋದು. ಮೈಸೂರಿಗೆ ಸಮುದ್ರ ಎಲ್ಲಿದೆ? ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಸುಮಾರು 250 ಕಿಲೋಮೀಟರ್ ಹೋದ್ರೆ ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ. ಇವತ್ತು ಈ ಎರಡೂ ಪ್ಲಾನ್ ಸೇರಿಸಿ ಮಾತಾಡೋಣ. ಬೀಚ್‌ನಲ್ಲಿ ಕಲಿಯಬಹುದಾದ ಇಂಗ್ಲಿಷ್‌ನಲ್ಲಿ ಕೆಲವು ಪದಗಳು ಜೀವ ಉಳಿಸುವಂಥವು.

ಮೊದಲನೇ ಪದ ನಿಮಗೆ ಗೊತ್ತಿರೋದೇ: ಕರೆಂಟ್. ನಮಗೆ ಕರೆಂಟ್ ಅಂದ್ರೆ ಹೋಗೋದು, ಬರೋದು, ಬಿಲ್ ಕಟ್ಟೋದು. ಇಂಗ್ಲಿಷ್‌ನಲ್ಲಿ ನೀರಿನ ಹರಿವಿಗೂ ಅದೇ ಪದ. ಬೀಚ್ ಬೋರ್ಡ್ ಮೇಲೆ ‘ರಿಪ್ ಕರೆಂಟ್’ ಅಂತ ಇದ್ರೆ ಅದು ದಡದಿಂದ ಸಮುದ್ರದ ಕಡೆಗೆ ಜೋರಾಗಿ ಓಡುವ ನೀರಿನ ಕಾಲುವೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಬೇಕಲ್ಲ? ಮರಳಿನ ದಿಬ್ಬಗಳ ನಡುವೆ ತಗ್ಗು ಸಿಕ್ಕ ಕಡೆ ಅದು ಒಟ್ಟಾಗಿ ನುಗ್ಗುತ್ತೆ. ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತೆ. ಒಲಿಂಪಿಕ್ಸ್‌ನಲ್ಲಿ ಈಜುವವರೂ ಅದರ ಎದುರು ಈಜಿ ಗೆಲ್ಲೋದು ಕಷ್ಟ.

ಮೋಸ ಎಲ್ಲಿದೆ ಅಂದ್ರೆ, ರಿಪ್ ಇರೋ ಜಾಗ ನೋಡೋಕೆ ಶಾಂತವಾಗಿರುತ್ತೆ. ಎರಡೂ ಪಕ್ಕ ಅಲೆ ಒಡೆದು ಬಿಳಿ ನೊರೆ, ಮಧ್ಯದಲ್ಲಿ ಮಾತ್ರ ನೊರೆಯಿಲ್ಲದ, ಸ್ವಲ್ಪ ಕಪ್ಪಗಿನ ಪಟ್ಟಿ. ಹೊಸಬರು ‘ಇಲ್ಲಿ ಅಲೆ ಕಮ್ಮಿ ಇದೆ ಬನ್ರೋ’ ಅಂತ ಅಲ್ಲೇ ಇಳೀತಾರೆ. ರಿಪ್ ಯಾರನ್ನೂ ತಳಕ್ಕೆ ಎಳೆಯಲ್ಲ, ದೂರಕ್ಕೆ ಒಯ್ಯುತ್ತೆ ಅಷ್ಟೆ. ಗಾಬರಿಯಾಗಿ ನೇರ ದಡಕ್ಕೆ ಈಜೋಕೆ ಹೋಗಿ ಸುಸ್ತಾದವರು ಮುಳುಗ್ತಾರೆ. ಹಾಗಾಗಿ ಎರಡು ಇಂಗ್ಲಿಷ್ ಮಾತು ಬಾಯಿಪಾಠ ಮಾಡ್ಕೊಳ್ಳಿ: ‘ಫ್ಲೋಟ್’, ಅಂದ್ರೆ ಅಂಗಾತ ತೇಲು, ‘ಸ್ವಿಮ್ ಪ್ಯಾರಲಲ್ ಟು ದ ಶೋರ್’, ಅಂದ್ರೆ ದಡಕ್ಕೆ ಸಮಾನಾಂತರವಾಗಿ ಈಜು. ರಿಪ್ ಅಗಲ ಸಾಮಾನ್ಯವಾಗಿ ಕಮ್ಮಿ. ಪಕ್ಕಕ್ಕೆ ಸರಿದರೆ ಹಿಡಿತ ಬಿಡುತ್ತೆ, ಆಮೇಲೆ ಅಲೆಗಳ ಜೊತೆ ದಡದ ಕಡೆ ಬರಬಹುದು.

ಎರಡನೇ ಪದ ಟೈಡ್. ಕನ್ನಡದಲ್ಲಿ ಉಬ್ಬರ, ಇಳಿತ. ಫೋನ್‌ನಲ್ಲಿ ‘ಟೈಡ್ ಟೈಮ್ಸ್ ಮಂಗಳೂರು’ ಅಂತ ಹುಡುಕಿದ್ರೆ ದಿನಕ್ಕೆ ಸಾಮಾನ್ಯವಾಗಿ ಎರಡು ಹೈ, ಎರಡು ಲೋ ಸಿಗುತ್ತೆ. ಚಂದ್ರನ ಲೆಕ್ಕದ ದಿನ 24 ಗಂಟೆ 50 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ 10ಕ್ಕೆ ಉಬ್ಬರ ಇದ್ರೆ ನಾಳೆ ಹೆಚ್ಚುಕಮ್ಮಿ 10.50ಕ್ಕೆ. ಅಲ್ಲೇ ‘ಸ್ಪ್ರಿಂಗ್ ಟೈಡ್’ ಅಂತ ಕಂಡ್ರೆ ವಸಂತಕಾಲ ಅಂದ್ಕೋಬೇಡಿ. ಇಲ್ಲಿ ಸ್ಪ್ರಿಂಗ್ ಅಂದ್ರೆ ಚಿಮ್ಮೋದು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಬರೋ ದೊಡ್ಡ ಉಬ್ಬರಕ್ಕೆ ಆ ಹೆಸರು, ವರ್ಷ ಪೂರ್ತಿ ಬರುತ್ತೆ.

ಮೂರನೇದು ನನಗೆ ತುಂಬ ಇಷ್ಟವಾದ ಪದ. ಹೈದರಾಬಾದ್‌ನಲ್ಲಿ ಇನ್‌ಕಾಯ್ಸ್ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಸಮುದ್ರದ ಸ್ಥಿತಿಯ ಮುನ್ಸೂಚನೆ ಕೊಡೋದು ಅದರ ಕೆಲಸ. ಅದರ ಇಂಗ್ಲಿಷ್ ಪ್ರಕಟಣೆಗಳಲ್ಲಿ, ಅದರಲ್ಲೂ ಏಪ್ರಿಲ್, ಮೇನಲ್ಲಿ, ‘ಸ್ವೆಲ್ ಸರ್ಜ್’ ಪಕ್ಕ ‘ಕಳ್ಳಕ್ಕಡಲ್’ ಅಂತ ಇರುತ್ತೆ. ಪದ ಮಲಯಾಳದ್ದು, ಕೇರಳದ ಮೀನುಗಾರರ ಬಾಯಿಂದ ಬಂದದ್ದು. ನಮಗೆ ಅನುವಾದವೇ ಬೇಡ: ಕಳ್ಳ, ಕಡಲು. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದಲ್ಲಿ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ಕೆಲವು ದಿನ ಪಯಣಿಸಿ ನಮ್ಮ ದಡಕ್ಕೆ ಬರ್ತವೆ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಬಿಸಿಲು ಚೆನ್ನಾಗೇ ಇದೆ. ಸಮುದ್ರ ಮಾತ್ರ ಇದ್ದಕ್ಕಿದ್ದ ಹಾಗೆ ಮೇಲೆ ಬರುತ್ತೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಒಂದು ಬೀಚ್‌ನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ತೀರಿಕೊಂಡಾಗ ಈ ಎಚ್ಚರಿಕೆ ಜಾರಿಯಲ್ಲಿತ್ತು. ಓದಿದವರಿಗೂ ಎಚ್ಚರಿಕೆ ತಲುಪಬೇಕು ಅಂದ್ರೆ ಯಾರಾದ್ರೂ ಆ ಪುಟ ತೆರೆದು ನೋಡಬೇಕು ತಾನೇ?

ಹವಾಮಾನ ಇಲಾಖೆಯ ಬಣ್ಣಗಳಲ್ಲೂ ಇಂಗ್ಲಿಷ್ ಪಾಠ ಇದೆ. ಹಳದಿಗೆ ‘ವಾಚ್’, ಅಂದ್ರೆ ಗಮನ ಇಡಿ. ಕಿತ್ತಳೆಗೆ ‘ಅಲರ್ಟ್’, ಸಿದ್ಧರಾಗಿರಿ. ಕೆಂಪಿಗೆ ‘ವಾರ್ನಿಂಗ್’. ನಾವು ಮೂರನ್ನೂ ಒಂದೇ ಅನ್ನೋ ಹಾಗೆ ಬಳಸ್ತೀವಿ, ಅಲ್ಲಿ ಮೂರು ಬೇರೆ ಬೇರೆ ಮೆಟ್ಟಿಲು.

ಸಮುದ್ರ ಬಿಟ್ಟು ಪೂಲ್‌ಗೆ ಬರೋಣ. 2024ರ ನವೆಂಬರ್ 17ರಂದು ಉಳ್ಳಾಲ ಬಳಿಯ ಬೀಚ್ ರೆಸಾರ್ಟ್ ಒಂದರ ಈಜುಕೊಳದಲ್ಲಿ ನಮ್ಮ ಮೈಸೂರಿನ ಮೂವರು ಯುವತಿಯರು ಪ್ರಾಣ ಕಳ್ಕೊಂಡ್ರು. ಮೂವರಿಗೂ ಈಜು ಬರ್ತಿರಲಿಲ್ಲ ಅಂತ ವರದಿಯಾಗಿತ್ತು. ಕೇಳಲೇಬೇಕಾದ ಪ್ರಶ್ನೆ ನಾಲ್ಕೇ ಪದ: ‘ಹೌ ಡೀಪ್ ಈಸ್ ಇಟ್?’ ಎಷ್ಟು ಆಳ? ಬೋರ್ಡ್ ಮೇಲೆ ‘ಶಾಲೋ ಎಂಡ್’ ಇದ್ರೆ ಆಳ ಕಮ್ಮಿ ಇರೋ ಕಡೆ, ‘ಡೀಪ್ ಎಂಡ್’ ಇದ್ರೆ ಹೆಚ್ಚು. ಒಂದೇ ಕೊಳ ಒಂದು ಕಡೆ ಸೊಂಟದ ಮಟ್ಟ, ಇನ್ನೊಂದು ಕಡೆ ತಲೆ ಮುಳುಗುವಷ್ಟು ಇರಬಹುದು. ಆಳ ಬರೆದಿಲ್ಲ, ಕಾವಲಿನವರಿಲ್ಲ ಅಂದ್ರೆ ಇಳಿಯಬೇಡಿ. ದುಡ್ಡು ಕೊಟ್ಟಿದ್ದೀವಿ ಅನ್ನೋ ಮಾತು ಬೇಡ.

ಇಷ್ಟೆಲ್ಲ ಯಾರ ಹತ್ತಿರ ಪ್ರಾಕ್ಟೀಸ್ ಮಾಡೋದು? ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಗುರುಪುರ ನದಿ ದಾಟುವಾಗ ಹೊರರಾಜ್ಯದವರು ಸಿಗ್ತಾರೆ, ಅವರ ಜೊತೆ ಧೈರ್ಯವಾಗಿ ಮಾತಾಡಿ. ತಪ್ಪಾದ್ರೆ ಯಾರೂ ಮಾರ್ಕ್ಸ್ ಕಟ್ ಮಾಡಲ್ಲ. ಲೈಫ್‌ಗಾರ್ಡ್ ಅಣ್ಣಂದಿರ ಹತ್ತಿರ ಮಾತ್ರ ಕನ್ನಡದಲ್ಲೇ ಕೇಳಿ: ‘ಅಣ್ಣಾ, ಇವತ್ತು ಎಲ್ಲಿ ಇಳೀಬಹುದು?’ ಮರಳಿನ ದಿಬ್ಬ ಜಾಗ ಬದಲಾಯಿಸ್ತಾ ಇರುತ್ತೆ, ಹೋದ ವರ್ಷದ ಯೂಟ್ಯೂಬ್ ವಿಡಿಯೋಗಿಂತ ಇವತ್ತು ಬೆಳಿಗ್ಗೆ ನೀರು ನೋಡಿದವರ ಮಾತು ದೊಡ್ಡದು. ಇಲ್ಲಿ ಇಂಗ್ಲಿಷ್ ಶೋಕಿ ಬೇಡ.

ಕೊನೇದಾಗಿ ಒಂದು ವ್ಯಾಕರಣ. ಕನ್ನಡದಲ್ಲಿ ‘ಅವನು ಮುಳುಗಿದ’ ಅಂದ್ರೆ ನೀರೊಳಗೆ ಹೋದ ಅಂತಲೂ ಆಗುತ್ತೆ, ಇನ್ನೂ ಎತ್ತಬಹುದು. ಇಂಗ್ಲಿಷ್‌ನಲ್ಲಿ ‘ಹಿ ಡ್ರೌನ್ಡ್’ ಅಂದ್ರೆ ಸಾಮಾನ್ಯವಾಗಿ ಸತ್ತ ಅಂತಲೇ ಅರ್ಥ. ಗೋವಾದಲ್ಲೋ ಚೆನ್ನೈನಲ್ಲೋ ಸಹಾಯಕ್ಕೆ ಕೂಗುವಾಗ ಹೇಳಬೇಕಾದ್ದು ‘ಹಿ ಈಸ್ ಡ್ರೌನಿಂಗ್’. ಬೆರಳು ಚಾಚಿ ಜಾಗ ತೋರಿಸಿ. ದೇಶದಲ್ಲಿ ಎಲ್ಲೇ ಇರಿ, ಕರೆ ಮಾಡೋ ನಂಬರ್ 112. ಈಜು ಬಾರದವರು ಹಿಂದೆ ಧುಮುಕಬೇಡಿ. ತೇಲುವಂಥದ್ದು ಏನಾದ್ರೂ ಎಸೀರಿ: ಟ್ಯೂಬ್, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಥರ್ಮೋಕೋಲ್ ಡಬ್ಬಿ, ಕೈಗೆ ಸಿಕ್ಕಿದ್ದು.