ವರದಿಯ ಸ್ವೀಕಾರ, ವರದಿಯ ಅಂಗೀಕಾರ

ಸಂಘ-ಸಂಸ್ಥೆಗಳನ್ನು ಕಟ್ಟಿ ನಡೆಸುವುದರಲ್ಲಿ ಹೊರನಾಡಿನ ಕನ್ನಡಿಗರು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೆ ಉಪಸಮಿತಿಯನ್ನು ನೇಮಿಸುವಾಗ ಇರುವ ಉತ್ಸಾಹವು ಅದರ ವರದಿ ಬರುವ ವೇಳೆಗೆ ಉಳಿದಿರುವುದು ಅಪರೂಪ. ವರದಿಯನ್ನು ಓದುತ್ತಾರೆ; ಚಪ್ಪಾಳೆ ಬೀಳುತ್ತದೆ; 'ವರದಿಯನ್ನು ಅಂಗೀಕರಿಸಲಾಯಿತು' ಎಂದು ನಡಾವಳಿಯಲ್ಲಿ ದಾಖಲಾಗುತ್ತದೆ. ಅಂಗೀಕರಿಸಿದ್ದು ಏನನ್ನು, ಅದರಿಂದ ಯಾರ ಮೇಲೆ ಯಾವ ಹೊಣೆ ಬಂದಿತು ಎಂದು ಕೇಳುವವರು ವಿರಳ.

ಈ ವಿಷಯದಲ್ಲಿ ಸ್ಪಷ್ಟವಾದ ದಾರಿ ತೋರಿದವರು ಅಮೆರಿಕದ ಹೆನ್ರಿ ಮಾರ್ಟಿನ್ ರಾಬರ್ಟ್. ವೃತ್ತಿಯಿಂದ ಅವರು ಸೈನ್ಯದ ಎಂಜಿನಿಯರು. 1863ರಲ್ಲಿ ನ್ಯೂ ಬೆಡ್‌ಫರ್ಡ್ ಪಟ್ಟಣದ ಸಭೆಯೊಂದರ ಅಧ್ಯಕ್ಷತೆ ವಹಿಸಬೇಕಾಗಿ ಬಂದಾಗ, ಸಭೆ ನಡೆಸುವ ಕ್ರಮ ತಿಳಿಯದೆ ಪೇಚಿಗೆ ಸಿಲುಕಿದರು. ಬಳಿಕ ಪಾರ್ಲಿಮೆಂಟಿನ ಪದ್ಧತಿಗಳನ್ನು ಅಭ್ಯಸಿಸಿ 1876ರಲ್ಲಿ ಒಂದು ಕೈಪಿಡಿ ಪ್ರಕಟಿಸಿದರು. 'ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್' ಎಂದು ಪ್ರಸಿದ್ಧವಾದ ಆ ಗ್ರಂಥದ 12ನೆಯ ಆವೃತ್ತಿ 2020ರಲ್ಲಿ ಹೊರಬಂದಿತು.

ಅದರ ಮುಖ್ಯ ಬೋಧನೆ ಇಷ್ಟೇ: ವರದಿಯನ್ನು ಸ್ವೀಕರಿಸುವುದು ಬೇರೆ, ಅಂಗೀಕರಿಸುವುದು ಬೇರೆ. ಸಭೆಯ ಮುಂದೆ ಓದಿದೊಡನೆಯೇ ವರದಿ ಸ್ವೀಕೃತವಾಯಿತು. ಅದಕ್ಕೆ ಪ್ರತ್ಯೇಕ ಠರಾವು ಬೇಡ. ಅಂಗೀಕರಿಸಿದರೆ ಮಾತ್ರ ಅದರ ಪ್ರತಿಯೊಂದು ಅಕ್ಷರವೂ ಸಂಸ್ಥೆಯ ಸ್ವಂತ ಮಾತಾಗುತ್ತದೆ.

ಕಟ್ಟಡದ ದುರಸ್ತಿಗಾಗಿ ಒಂದು ಸಂಘವು ಉಪಸಮಿತಿ ನೇಮಿಸಿತೆಂದು ಭಾವಿಸೋಣ. ವರದಿಯಲ್ಲಿ ಕಟ್ಟಡದ ಸ್ಥಿತಿ, ಖರ್ಚಿನ ಅಂದಾಜು, ಹಳೆಯ ಗುತ್ತಿಗೆದಾರನ ಮೇಲಿನ ಆಕ್ಷೇಪ, ಕೊನೆಗೆ ಟೆಂಡರು ಕರೆಯಬೇಕೆಂಬ ಶಿಫಾರಸು ಇವೆ. ಇಡೀ ವರದಿಯನ್ನು ಅಂಗೀಕರಿಸಿದರೆ ಗುತ್ತಿಗೆದಾರನ ಮೇಲಿನ ಆಕ್ಷೇಪವೂ ಸಂಘದ್ದೇ ಆಯಿತು. ನಾಳೆ ಆತ ನ್ಯಾಯಾಲಯಕ್ಕೆ ಹೋದರೆ ಉತ್ತರ ಕೊಡಬೇಕಾದವರಾರು? ಆದುದರಿಂದ ಶಿಫಾರಸುಗಳನ್ನು ವರದಿಯ ಕೊನೆಯಲ್ಲಿ ಬಿಡಿಬಿಡಿಯಾಗಿ ಬರೆದು, ಅವನ್ನಷ್ಟೇ ಠರಾವಿನ ರೂಪದಲ್ಲಿ ಮಂಡಿಸುವುದು ಕ್ಷೇಮ. ವರದಿ ಒಪ್ಪಿಸುವ ಸದಸ್ಯರೇ ಠರಾವನ್ನು ಸೂಚಿಸುತ್ತಾರೆ. ಸಮಿತಿಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆ ಬೇರೆ ಅನುಮೋದಕರು ಬೇಕಿಲ್ಲ. ಸಭೆ ಅದನ್ನು ಚರ್ಚಿಸಬಹುದು, ತಿದ್ದಬಹುದು, ಮುಂದೂಡಬಹುದು, ಸಮಿತಿಗೇ ಮರಳಿ ಕಳಿಸಬಹುದು. ಕೇವಲ ಮಾಹಿತಿ ನೀಡುವ ವರದಿಯಾದರೆ ಕಡತಕ್ಕೆ ಸೇರಿಸಿದರೆ ಸಾಕು.

ಹಣದ ವಿಚಾರದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಪರಿಶೋಧನೆಯಾಗದ ಕೋಶಾಧಿಕಾರಿಯ ವರದಿಯನ್ನು ಅಂಗೀಕರಿಸಕೂಡದು; ಲೆಕ್ಕಪರಿಶೋಧಕರ ವರದಿಯನ್ನು ಅಂಗೀಕರಿಸಬೇಕು. ಕೋಶಾಧಿಕಾರಿಯ ಹೊಣೆ ಇಳಿಯುವುದು ಆಗಲೇ. ಹತ್ತು-ಹನ್ನೆರಡು ಮಂದಿಯ ಕಾರ್ಯಕಾರಿ ಮಂಡಳಿಯಲ್ಲಿ ನಿಯಮಗಳು ಸಡಿಲ: ಅನುಮೋದಕರ ಅಗತ್ಯವಿಲ್ಲ, ಅಧ್ಯಕ್ಷರೂ ಚರ್ಚೆಗಿಳಿಯಬಹುದು. ಆದರೆ ನಿರ್ಣಯವನ್ನು ಸ್ಪಷ್ಟವಾಗಿ ಬರೆದಿಡುವ ಹೊಣೆ ಅಲ್ಲಿಯೂ ತಪ್ಪದು.

ಭಿನ್ನಾಭಿಪ್ರಾಯ ಉಳ್ಳವರ ಗತಿಯೇನು? ರಾಬರ್ಟರ ಪ್ರಕಾರ ಸಮಿತಿಯ ಬಹುಮತದ ಮಾತೇ ವರದಿ. ಅಲ್ಪಮತದವರ ಲಿಖಿತ ಅಭಿಪ್ರಾಯವನ್ನು ಓದಲು ಸಭೆಯ ಅನುಮತಿ ಬೇಕು. ನಮ್ಮ ಲೋಕಸಭೆಯ ರೀತಿ ಇನ್ನಷ್ಟು ಉದಾರ: ಮಸೂದೆಯನ್ನು ಪರಿಶೀಲಿಸುವ ಆಯ್ಕೆ ಸಮಿತಿಯ ಸದಸ್ಯರು ತಮ್ಮ ಭಿನ್ನಮತದ ಟಿಪ್ಪಣಿಯನ್ನು ವರದಿಗೆ ಲಗತ್ತಿಸಬಹುದು. ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಉಂಟು. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಶಿಫಾರಸುಗಳ ಮೇಲೆ ಕೈಗೊಂಡ ಕ್ರಮವನ್ನು ಸರಕಾರವು ಆರು ತಿಂಗಳೊಳಗೆ ತಿಳಿಸಬೇಕೆಂಬ ಕಟ್ಟಳೆ ಇದೆ.

ರಾಬರ್ಟರ ಕೈಪಿಡಿಗೆ ನಮ್ಮಲ್ಲಿ ಕಾನೂನಿನ ಬಲವಿಲ್ಲ. ದೇಶದ ಕಾಯಿದೆ, ಸಂಘದ ಉಪನಿಯಮಗಳೇ ಪ್ರಧಾನ. ಆದರೂ ಅದರ ವಿವೇಕವನ್ನು ಬಳಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಕಚೇರಿಯ ದುಡಿಮೆ ಮುಗಿಸಿ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಬಂದು ಸಮಿತಿಯಲ್ಲಿ ಕುಳಿತವರ ಶ್ರಮ ಬೀರುವಿನಲ್ಲಿ ಧೂಳು ತಿನ್ನಬಾರದು. ಯಾವ ಶಿಫಾರಸು ಒಪ್ಪಿಗೆಯಾಯಿತು, ಯಾರು, ಎಷ್ಟರೊಳಗೆ ನೆರವೇರಿಸಬೇಕು ಎಂಬ ಮೂರು ಸಾಲುಗಳನ್ನು ನಡಾವಳಿಯಲ್ಲಿ ಬರೆದರೆ ಸಭೆ ತನ್ನ ಕೆಲಸ ಮಾಡಿದಂತಾಯಿತು.